ಚೀಲಕ್ಕೆ ಸೀಟು ಸಿಕ್ಕ ದಿನ

ಹುಲಗೇಶನ ಆ ದಿನದ ಫಜೀತಿಗೆಲ್ಲ ಮೂಲ ಅರ್ಧ ಕಪ್ ಚಹಾ.

ಅವನ ಮನೆ ಹಾನಗಲ್ಲಿನಲ್ಲಿ, ಕೆಲಸ ಯಲವಿಗಿಯಲ್ಲಿ. ಸುಬೋಧ ವಾಚನಾಲಯ ಸಂಘದವರು ಅಲ್ಲಲ್ಲಿ ತೆರೆದಿದ್ದ ಓದುವ ಕೋಣೆಗಳಲ್ಲಿ ಯಲವಿಗಿಯ ಕೋಣೆಗೆ ಗ್ರಂಥಪಾಲ, ಗುಮಾಸ್ತ, ಕಸ ಹೊಡೆಯುವವ ಎಲ್ಲವೂ ಅವನೇ. ಹನ್ನೊಂದು ವರ್ಷದಿಂದ ದಿನವೂ ಹಾನಗಲ್ಲಿನಿಂದ ಶಿಗ್ಗಾಂವಿಗೆ ಒಂದು ಬಸ್ಸು, ಅಲ್ಲಿಂದ ಸವಣೂರಿಗೆ ಇನ್ನೊಂದು, ಸವಣೂರಿನಿಂದ ಯಲವಿಗಿಗೆ ಮತ್ತೊಂದು. ಸಂಜೆ ಅದೇ ಮೂರು ಬಸ್ಸು ಉಲ್ಟಾ. ಮಗಳು ಚಿಕ್ಕವಳಿದ್ದಾಗ ಯಾರಾದರೂ "ನಿಮ್ಮಪ್ಪ ಎಲ್ಲಿರ್ತಾರ?" ಎಂದು ಕೇಳಿದರೆ "ಬಸ್ಸಿನ್ಯಾಗ" ಎನ್ನುತ್ತಿದ್ದಳು. ಸುಳ್ಳೇನೂ ಅಲ್ಲ.

ಈಗ ಆ ವನವಾಸ ಮುಗಿಯುವ ಕಾಲ ಬಂದಿತ್ತು. ಹಾನಗಲ್ಲಿನ ಓದುವ ಕೋಣೆಯ ರಾಘಣ್ಣ ಈ ತಿಂಗಳು ನಿವೃತ್ತಿಯಾಗುವವರು. ಆ ಜಾಗಕ್ಕೆ ಹುಲಗೇಶ ಅರ್ಜಿ ಹಾಕಿದ್ದ. ಅವನ ಮನೆಯಿಂದ ಆ ಕೋಣೆಗೆ ನಡೆದರೆ ನಾಲ್ಕೇ ನಿಮಿಷ. ನಂಬಿಕೆಯಾಗದೆ ಎರಡು ಸಲ ನಡೆದು ನೋಡಿದ್ದ. ಸಂಘಕ್ಕೆ ಹೊಸದಾಗಿ ಬಂದ ಕಾರ್ಯದರ್ಶಿ ವೃಂದಾಬಾಯಿ ಇವತ್ತು ಹುಬ್ಬಳ್ಳಿಯಿಂದ ಪ್ಯಾಸೆಂಜರ್ ರೈಲಿನಲ್ಲಿ ಹನ್ನೊಂದೂವರೆಗೆ ಯಲವಿಗಿಗೆ ಬಂದು ತಪಾಸಣೆ ಮಾಡುವವರಿದ್ದರು. ಎಲ್ಲ ಸರಿಯಾಗಿದ್ದರೆ ಹಾನಗಲ್ಲು ಅವನದು.

ಬೆಳಿಗ್ಗೆ ಏಳೂಕಾಲಿಗೇ ಹುಲಗೇಶ ಹಾನಗಲ್ಲಿನ ಬಸ್ ನಿಲ್ದಾಣದಲ್ಲಿದ್ದ. ಹೆಗಲಲ್ಲಿ ನೀಲಿ ಚೀಲ. ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಓದುವ ಕೋಣೆ, ಯಲವಿಗಿ'. ಒಳಗೆ ಕೋಣೆಯ ಕೀಲಿಕೈ, ಪುಸ್ತಕಗಳ ರಜಿಸ್ಟರು, ಮೊಬೈಲು, ಮತ್ತು ಹೆಂಡತಿ ಸಮತಾ ಕಟ್ಟಿಕೊಟ್ಟ ಬುತ್ತಿ: ನಾಲ್ಕು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. "ಇವತ್ತರ ಬಸ್ಸಿನಾಗ ಕುಂತ ಹೋಗ್ರಿ, ಅಂಗಿ ಮುದ್ದಿ ಆಗ್ತೈತಿ" ಎಂದು ಅವಳು ಹೇಳಿ ಕಳಿಸಿದ್ದಳು.

'ಶಿಗ್ಗಾಂವಿ' ಬೋರ್ಡಿನ ಬಸ್ಸು ಒಳಗೆ ಬರುತ್ತಿದ್ದಂತೆ ಜನ ಬಾಗಿಲಿಗೆ ಮುತ್ತಿದರು. ಹುಲಗೇಶ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿ, ಕಿಟಕಿಯಲ್ಲಿ ಕೈ ತೂರಿಸಿ ಚೀಲವನ್ನು ಸೀಟಿನ ಮೇಲೆ ಒಗೆದ. ಚೀಲ ಬಿತ್ತೆಂದರೆ ಸೀಟು ನಿಮ್ಮದು. ಈ ಸೀಮೆಯಲ್ಲಿ ಹೊಲದ ಬದುವನ್ನು ಒತ್ತುವವರು ಸಿಗುತ್ತಾರೆ, ಮಂದಿ ಟವೆಲ್ ಹಾಕಿದ ಸೀಟಿನಲ್ಲಿ ಕೂರುವವರು ಸಿಗುವುದಿಲ್ಲ.

ಸೀಟು ಸಿಕ್ಕ ಮನುಷ್ಯನಿಗೆ ಅವಸರವಿಲ್ಲ. ನಿಲ್ದಾಣದೆದುರು ನಯೀಮನ ಚಹಾದಂಗಡಿಯಲ್ಲಿ ನಿವೃತ್ತ ಪೋಸ್ಟ್‌ಮನ್ ಬಸವಣ್ಣೆಪ್ಪ ಕೂತಿದ್ದರು. ಅವರಿಗೆ ಊರಿನ ಎಲ್ಲರ ವಿಳಾಸವೂ ಗೊತ್ತು, ಈಗ ಕೆಲಸವಿಲ್ಲವಾದ್ದರಿಂದ ಎಲ್ಲರ ವಿಚಾರವೂ ಬೇಕು.

"ಬಾರೋ ಹುಲಗೇಶ, ಅರ್ಧ ಕಪ್ ಹೊಡಿ. ವರ್ಗದ್ದು ಎಲ್ಲಿಗೆ ಬಂತು?"

ವರ್ಗದ ಮಾತು ಬಂದರೆ ಹುಲಗೇಶನ ಚಹಾ ತಣ್ಣಗಾಗುವುದು ಸಹಜ. ನಾಲ್ಕು ನಿಮಿಷದ ದಾರಿಯನ್ನು ಅವನು ಆರು ನಿಮಿಷ ವರ್ಣಿಸಿದ. ಹೊರಗೆ ಬಂದು ನೋಡಿದರೆ ಬಸ್ಸು ಇರಲಿಲ್ಲ.

"ಶಿಗ್ಗಾಂವಿ ಬಸ್ಸು ಹೋತೇನ್ರಿ?" ಎಂದು ಅಲ್ಲಿದ್ದವರನ್ನು ಕೇಳಿದ.

"ಇಲ್ಲ, ಈಗ ಬರ್ತೈತ್ರಿ. ಈಗ ಹೋಗಿದ್ದು ಹಿರೇಕೆರೂರದ್ದು."

ಆದದ್ದಿಷ್ಟು. ಆ ಬೋರ್ಡಿಗೆ ಎರಡು ಮುಖ. ಶಿಗ್ಗಾಂವಿಗೆ ಹೋಗುವಾಗ ಹಾಕಿದ್ದ ಬೋರ್ಡಿನಲ್ಲೇ ಬಸ್ಸು ಅಲ್ಲಿಂದ ವಾಪಸು ಬಂದು ನಿಂತಿತ್ತು, ನಿಂತ ಮೇಲೆ ಕಂಡಕ್ಟರು ಅದನ್ನು ಹಿರೇಕೆರೂರಿಗೆ ತಿರುವಿದ್ದ. ಹನ್ನೊಂದು ವರ್ಷದಲ್ಲಿ ಹುಲಗೇಶ ಕಿಟಕಿಗೆ ಗುರಿಯಿಡುವುದನ್ನು ಕಲಿತಿದ್ದ, ಬೋರ್ಡು ತಿರುಗುವವರೆಗೆ ಕಾಯುವುದನ್ನು ಕಲಿತಿರಲಿಲ್ಲ.

"ಅಯ್ಯ, ಅದಕ್ಯಾಕ ಮಾರಿ ಸಣ್ಣದು ಮಾಡ್ತಿ?" ಎಂದು ಬಸವಣ್ಣೆಪ್ಪ ತಮ್ಮ ಮೊಬೈಲಿನಿಂದ ಚೀಲದೊಳಗಿನ ಮೊಬೈಲಿಗೆ ಫೋನು ಹಚ್ಚಿದರು. ಆ ಬಸ್ಸಿನ ಕಂಡಕ್ಟರೇ ಎತ್ತಿದ.

"ಹಾಂ, ಐತ್ರಿ, ಚೀಲ ಆರಾಮ ಕುಂತೈತಿ. ಹಂಸಭಾವಿ ಸ್ಟ್ಯಾಂಡಿನ್ಯಾಗ ಇಟ್ಟಿರ್ತೇನಿ, ಬಂದು ತಗೊಳ್ಳಾಕ ಹೇಳ್ರಿ."

ಹಿರೇಕೆರೂರ ದಾರಿಯ ಹಂಸಭಾವಿ ದಕ್ಷಿಣಕ್ಕೆ, ಯಲವಿಗಿ ಅದರ ವಿರುದ್ಧ ದಿಕ್ಕಿಗೆ. ಆದರೆ ಕೀಲಿಕೈ ಇಲ್ಲದೆ ಯಲವಿಗಿಗೆ ಹೋಗಿ ಮಾಡುವುದೇನು? ಹುಲಗೇಶ ಅದೇ ದಾರಿಯ ಮುಂದಿನ ಬಸ್ಸು ಹತ್ತಿದ. ಸೀಟಿರಲಿಲ್ಲ. ಕಂಬಿ ಹಿಡಿದು ನಿಂತ.

ಮುಕ್ಕಾಲು ಗಂಟೆಯ ದಾರಿ ಸವೆದಿತ್ತು. ಎದುರಿನಿಂದ ಹಾನಗಲ್ಲಿಗೆ ಹೋಗುವ ಬಸ್ಸು ಬಂತು. ಇಬ್ಬರು ಡ್ರೈವರುಗಳೂ ನಡುರಸ್ತೆಯಲ್ಲಿ ಕಿಟಕಿಗೆ ಕಿಟಕಿ ತಾಗುವಂತೆ ನಿಲ್ಲಿಸಿ, ಒಬ್ಬನ ಮಗಳ ಸೀಮಂತದ ವಿಚಾರ ತೆಗೆದರು. ಹುಲಗೇಶ ಸುಮ್ಮನೆ ಆ ಬಸ್ಸಿನತ್ತ ನೋಡಿದ. ಅಲ್ಲಿ, ಕೈಯಳತೆಯಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ಅವನ ನೀಲಿ ಚೀಲ ಕೂತಿತ್ತು. ಸುತ್ತ ಹತ್ತು ಜನ ನಿಂತಿದ್ದರು.

ಮೊದಲ ಬಸ್ಸಿನ ಕಂಡಕ್ಟರು ಒಳ್ಳೆಯವನು. ಪಾಪ, ಅಷ್ಟು ದೂರ ಯಾಕೆ ಬರಬೇಕು ಎಂದು ಎದುರು ಬಸ್ಸು ನಿಲ್ಲಿಸಿ ಚೀಲವನ್ನು ವಾಪಸು ಕಳಿಸಿಬಿಟ್ಟಿದ್ದ.

ಹುಲಗೇಶ ಸೀಟಿನಲ್ಲಿದ್ದವರ ತಲೆಯ ಮೇಲಿಂದ ಬಾಗಿ ಎರಡೂ ಕಿಟಕಿಗಳಲ್ಲಿ ಕೈ ತೂರಿಸಿ ಚೀಲದ ಹಿಡಿಕೆ ಹಿಡಿದ. ಅಲ್ಲಿದ್ದ ಮುದುಕನೊಬ್ಬ ಫಟ್ಟೆಂದು ಕೈಮೇಲೆ ಹೊಡೆದ.

"ಏ! ಮಂದಿ ಚೀಲಕ್ಕ ಕೈ ಹಾಕ್ತಿಯೇನು? ನೋಡಾಕ ಮರ್ಯಾದಸ್ಥರಂಗ ಕಾಣ್ತಿ!"

"ಅಜ್ಜಾ, ಅದು ನಂದ ಚೀಲ!"

"ನಿಂದ ಇದ್ರ ನಮ್ಮ ಬಸ್ಸಿನ್ಯಾಗ ಯಾಕ ಐತಿ?"

ಈ ಪ್ರಶ್ನೆಗೆ ಉತ್ತರ ಉದ್ದವಿತ್ತು, ಸೀಮಂತದ ಮಾತು ಗಿಡ್ಡವಿತ್ತು. ಎರಡೂ ಬಸ್ಸುಗಳು ಹೊರಟವು. ಚೀಲ ಹಾನಗಲ್ಲಿನ ಕಡೆ ಹೋಯಿತು, ಹುಲಗೇಶ ಕೂಗಾಡಿ ಬಸ್ಸು ನಿಲ್ಲಿಸಿ ಇಳಿದ. ಮಾವಿನಕಾಯಿ ಹೇರಿದ ಟೆಂಪೋ ಒಂದು ಸಿಕ್ಕಿತು. ಅದರಲ್ಲಿಯೂ ಕಾಯಿಗಳಿಗೆ ಜಾಗವಿತ್ತು, ಅವನಿಗಿರಲಿಲ್ಲ. ಹಿಂದೆ ಜೋತುಬಿದ್ದು ಹಾನಗಲ್ಲು ಮುಟ್ಟುವಾಗ ಒಂಬತ್ತೂವರೆ.

ನಯೀಮ ಅಂಗಡಿಯಿಂದಲೇ ಕೈ ಬೀಸಿದ. ಮುಖದ ತುಂಬ ನಗು.

"ಅಣ್ಣಾ, ಚಿಂತಿ ಬ್ಯಾಡ! ನಿಮ್ಮ ಚೀಲ ಬಂತು. ಮ್ಯಾಲ ಯಲವಿಗಿ ಅಂತ ಬರದಿತ್ತಲ್ಲ, ನಾನೂ ಬಸವಣ್ಣೆಪ್ಪನವರೂ ಕೂಡಿ ಶಿಗ್ಗಾಂವಿ ಬಸ್ಸಿನ್ಯಾಗ ಕಳ್ಸೇವಿ. ನಿಮಗ ಹೊರೂದು ತಪ್ಪಿತು."

"ನಾ ಬರೂತನಕ ಇಟ್ಕೋಬಾರದಾಗಿತ್ತೇನೋ ತಮ್ಮಾ!"

"ಇಟ್ಕೊಂಡಿದ್ರ ಅದಕ್ಕೂ ತಡ ಆಗ್ತಿತ್ತಲ್ಲ!" ಎಂದರು ಬಸವಣ್ಣೆಪ್ಪ. ಮೂವತ್ತು ವರ್ಷ ಅಂಚೆ ಇಲಾಖೆಯಲ್ಲಿದ್ದವರು ಬಂದ ವಸ್ತುವನ್ನು ಮುಂದಕ್ಕೆ ಕಳಿಸದೆ ಸುಮ್ಮನಿರುವುದುಂಟೇ?

ಹುಲಗೇಶ ಶಿಗ್ಗಾಂವಿ ಬಸ್ಸಿನಲ್ಲಿ ನಿಂತ. ಹನ್ನೊಂದು ವರ್ಷ ಅವನು ಕೋಣೆಗೆ ಪೇಪರು ತರುವ ಆ ಪ್ಯಾಸೆಂಜರ್ ರೈಲನ್ನು ತಡವಾಗಿ ಬರುತ್ತದೆಂದು ಬೈದಿದ್ದ. ಇವತ್ತು ಕಂಬಿ ಹಿಡಿದ ಕೈಯಿಂದಲೇ ಮುಗಿದು, ದೇವರೇ, ಅದನ್ನು ಎಲ್ಲಿಯಾದರೂ ಕ್ರಾಸಿಂಗಿಗೆ ನಿಲ್ಲಿಸು, ಒಂದು ತಾಸು ಸಾಕು ಎಂದು ಬೇಡಿಕೊಂಡ. ನಾಲ್ಕು ನಿಮಿಷದ ದಾರಿ ನಿಮಿಷಕ್ಕೊಂದು ಮೈಲಿ ದೂರ ಹೋಗುತ್ತಿತ್ತು.

ಶಿಗ್ಗಾಂವಿಯಲ್ಲಿ ಕಂಡಕ್ಟರ್ ಅಫ್ಸಾನಾ ಸಿಕ್ಕಳು. ಹಾನಗಲ್ಲಿನಿಂದ ಚೀಲ ತಂದವಳು ಅವಳೇ.

"ಅಣ್ಣಾರ, ನೀವಾ! ಸವಣೂರ ಬಸ್ಸು ಬಿಡಾಕತ್ತಿತ್ರಿ. ಓಡಿ ಹೋಗಿ, ಕಿಟಕ್ಯಾಗಿಂದ ಒಗದು ಸೀಟ್ ಹಿಡದು ಕಳ್ಸೇನಿ. ನಿಮ್ಮ ಮನಿಯವ್ರು ಚೀಲದಾಗಿನ ಮೊಬೈಲಿಗೆ ಫೋನ್ ಮಾಡಿದ್ರು. ನಿಮ್ಮ ಚೀಲ ನನ್ನ ಹಂತೇಕ ಐತಿ, ಅವ್ರು ಇಲ್ಲ ಅಂತ ಹೇಳಿದೆ. ಯಾಕೋ ಗಪ್ಪನ ಫೋನ್ ಇಟ್ಟಬಿಟ್ರು."

ಹುಲಗೇಶ ಹಣೆ ಮುಟ್ಟಿಕೊಂಡ. ಸವಣೂರು ತಲುಪಿದಾಗ ಯಲವಿಗಿಯ ಬಸ್ಸು ಚೀಲವನ್ನು ಹೊತ್ತು ಹೋಗಿ ಹದಿನೈದು ನಿಮಿಷವಾಗಿತ್ತು. ಮುಂದಿನ ಬಸ್ಸಿಗೆ ಒಂದು ತಾಸು. ನಿಲ್ದಾಣದ ಗಡಿಯಾರದಲ್ಲಿ ಹನ್ನೊಂದೂವರೆ. ದೇವರು ಅವನ ಪ್ರಾರ್ಥನೆ ಕೇಳಿರಲಿಲ್ಲ. ಎಷ್ಟೋ ದಿನದ ಮೇಲೆ ಪ್ಯಾಸೆಂಜರ್ ರೈಲು ಸರಿಯಾದ ಹೊತ್ತಿಗೆ ಯಲವಿಗಿಗೆ ಬಂದಿದೆಯೆಂದು ಯಾರೋ ಫೋನಿನಲ್ಲಿ ಆಶ್ಚರ್ಯದಿಂದ ಮಾತಾಡುತ್ತಿದ್ದರು.

ಒಂದು ಗಂಟೆಗೆ ಅವನು ಯಲವಿಗಿಯಲ್ಲಿ ಇಳಿದು ಓಡಿದ. ಅಂಗಿ ಮುದ್ದೆ, ಮೈಗೆಲ್ಲ ಮಾವಿನ ಸೊನೆ. ಓದುವ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಐದಾರು ಜನ ಪೇಪರು ಓದುತ್ತಿದ್ದರು. ದಿನವೂ ಫ್ಯಾನಿನ ಗಾಳಿಗೆಂದು ಬರುವ ಗುತ್ತೆವ್ವ ಎಂದಿನಂತೆ ಗೋಡೆಗೊರಗಿ ತೂಕಡಿಸುತ್ತಿದ್ದಳು. ಅವನ ಕುರ್ಚಿಯಲ್ಲಿ ಕನ್ನಡಕದ ಹೆಂಗಸೊಬ್ಬರು ಕೂತು ರಜಿಸ್ಟರಿನಲ್ಲಿ ಯಾರಿಗೋ ಪುಸ್ತಕ ಬರೆದುಕೊಡುತ್ತಿದ್ದರು. ಯಾರೋ ಶಾಲೆಯ ಟೀಚರು ಪುಣ್ಯ ಕಟ್ಟಿಕೊಂಡಿದ್ದಾರೆ ಎಂದುಕೊಂಡ ಹುಲಗೇಶ ಮೆಲ್ಲಗೆ ಬಾಗಿದ.

"ಅಕ್ಕಾರ, ಹುಬ್ಬಳ್ಳಿಯಿಂದ ಒಬ್ಬರು ಬಾಯಿಯವರು ಬಂದಿದ್ರೇನ್ರಿ?"

"ಬಂದಾರ."

"ಸಿಟ್ಟಾಗ್ಯಾರೇನ್ರಿ?"

"ಆಗಿದ್ರು. ಬುತ್ತಿ ಉಂಡ ಮ್ಯಾಲೆ ಹೋತು" ಎಂದು ಅವರು ಖಾಲಿ ಡಬ್ಬಿಯನ್ನು ಅವನತ್ತ ಸರಿಸಿದರು. "ಎಣ್ಣಿಗಾಯಿ ಭಾಳ ಛಲೋ ಆಗಿತ್ತು. ಗುತ್ತೆವ್ವನೂ ಎರಡ ರೊಟ್ಟಿ ತಿಂದ್ಲು. ಕೂಡ್ರಿ, ನಾನೇ ವೃಂದಾ."

ಕೂರಲು ಇದ್ದದ್ದು ಅವರು ಕೂತ ಕುರ್ಚಿಯೊಂದೇ. ಹುಲಗೇಶ ನಿಂತೇ ಇದ್ದ.

ರೈಲು ಇಳಿದು ಓದುವ ಕೋಣೆ ಎಲ್ಲಿ ಎಂದು ವೃಂದಾಬಾಯಿ ಕೇಳಿದ್ದು ಸ್ಟೇಷನ್ನಿನ ಹೊರಗೆ ನಿಂತಿದ್ದ ಬಸ್ಸಿನ ಕಂಡಕ್ಟರನನ್ನು. "ಛಲೋ ಆತ್ರಿ, ಅದರ ಕೀಲಿ ಇಲ್ಲೇ ಐತಿ" ಎಂದು ಅವನು ಚೀಲವನ್ನೇ ಅವರ ಕೈಗೆ ಕೊಟ್ಟು, ಮುಂಜಾನೆಯಿಂದ ಬಂದ ಕತೆಯನ್ನೂ ಹೇಳಿದ್ದ.

"ಬಾಯಿಯವರ, ತಪ್ಪಾತ್ರಿ. ಹನ್ನೊಂದು ವರ್ಷದಾಗ ಒಂದ ದಿನನೂ..."

"ತಪ್ಪು ಯಾಕ್ರೀ? ನಿಮ್ಮನ್ನ ಹಾನಗಲ್ಲಿಗೆ ಹಾಕೋ ಆರ್ಡರ್ ಬರಕೊಂಡ ಬಂದಿದ್ದೆ, ಸಹಿ ಒಂದ ಬಾಕಿ." ಅವರು ಕಾಗದ ತೋರಿಸಿದರು. ಹುಲಗೇಶ ತನ್ನ ಹೆಸರಿನ ಪಕ್ಕದಲ್ಲಿ ಹಾನಗಲ್ಲಿನ ಹೆಸರನ್ನು ಕಣ್ತುಂಬ ನೋಡಿದ. "ಆದ್ರ ಇವತ್ತ ನೋಡಿದೆ. ನೀವು ಬರ್ಲಿಲ್ಲ ಅಂದ್ರೂ ನಿಮ್ಮ ಚೀಲ ಬಂದು ಬಾಗಲಾ ತಗೀತದ. ದಾರಿ ತುಂಬ ನಿಮಗ ಮಂದಿ ಅದ. ಇಂಥವ್ರನ್ನ ಮನಿ ಮುಂದ ಕೂಡ್ಸಿದ್ರ ಸಂಘಕ್ಕ ಲುಕ್ಸಾನ."

ಅವರು ಆ ಕಾಗದವನ್ನು ಮಡಚಿಟ್ಟು ಹೊಸ ಹಾಳೆ ತೆಗೆದರು.

"ಹಂಸಭಾವಿ ಹತ್ರ ಒಂದು ಹೊಸಾ ಕೋಣಿ ತಗೀಲಿಕ್ಕೆ ಹತ್ತೇವಿ. ಆ ಕಡೆ ಕಂಡಕ್ಟರಗೋಳೂ ನಿಮಗ ಗುರ್ತು ಅಂತ ಗೊತ್ತಾತು. ಸೋಮವಾರ, ಬುಧವಾರ, ಶುಕ್ರವಾರ ಯಲವಿಗಿ. ಉಳಿದ ಮೂರು ದಿನ ಹಂಸಭಾವಿ."

"ನಾ ಹಾನಗಲ್ಲ ಕೇಳಿದ್ನಿರಿ..." ಎಂದ ಹುಲಗೇಶ.

"ನಡುವ ಹಾನಗಲ್ಲೇ ಅದ ಅಲ್ರೀ? ಎರಡೂ ಕೂಡ್ಸಿ ಸರಾಸರಿ ತಗೀರಿ, ಹಾನಗಲ್ಲೇ ಬರ್ತದ."

"ಹಂಗಾರ ಹಾನಗಲ್ಲಿಗೆ ಯಾರ್ರಿ?"

"ರಾಘಣ್ಣನವರ ಅಣ್ಣನ ಮಗ ಪವನ. ಪಾಪ, ಅವಗ ಬಸ್ಸು ಹತ್ತಿದ್ರ ವಾಂತಿ ಆಗ್ತದ."

ಸಂಜೆ ಮೂರೂ ಬಸ್ಸಿನಲ್ಲಿ ನಿಂತುಕೊಂಡೇ ಹುಲಗೇಶ ಮನೆಗೆ ಬಂದ. ಸಮತಾ ಬಾಗಿಲಲ್ಲೇ ನಿಂತಿದ್ದಳು. ವರ್ಗದ ವಿಚಾರ ಕೇಳಲಿಲ್ಲ. "ನಿಮ್ಮ ಫೋನ್ ಎತ್ತಿದಾಕಿ ಯಾರು?" ಎಂದಳು. ಅದನ್ನು ತಿಳಿಸಿ ಹೇಳುವುದಕ್ಕೆ ಅವನಿಗೆ ಎರಡು ದಿನ ಬೇಕಾಯಿತು.

ಮುಂದಿನ ಮಂಗಳವಾರ ಹಂಸಭಾವಿಯ ಮೊದಲ ದಿನ. ಹುಲಗೇಶ ಚೀಲವನ್ನು ಕೊರಳಿಗೆ ಹಾಕಿಕೊಂಡು, ಬೋರ್ಡು ತಿರುಗುವವರೆಗೆ ಕಾದು, ನಯೀಮನ ಅಂಗಡಿಯತ್ತ ಕಣ್ಣು ಸಹ ಹಾಯಿಸದೆ ಬಾಗಿಲಿನಿಂದಲೇ ಹಿರೇಕೆರೂರು ಬಸ್ಸು ಹತ್ತಿದ. ಎಲ್ಲ ಸೀಟು ಭರ್ತಿ. ಕಿಟಕಿ ಪಕ್ಕ ಒಂದೇ ಒಂದು ಖಾಲಿಯಿತ್ತು, ಅದರ ಮೇಲೆ ಕೆಂಪು ಅಂಚಿನ ಟವೆಲ್. ಹುಲಗೇಶ ಪಕ್ಕದಲ್ಲಿ ಕಂಬಿ ಹಿಡಿದು ನಿಂತ. ಬಸ್ಸು ಹೊರಟಿತು. ಹಂಸಭಾವಿಯವರೆಗೂ ಆ ಟವೆಲ್ಲಿಗೆ ಯಾರೂ ಬರಲಿಲ್ಲ, ಅದರ ಮೇಲೆ ಯಾರೂ ಕೂರಲೂ ಇಲ್ಲ.

ಟವೆಲ್ಲಿನ ಒಡೆಯ ಹಾನಗಲ್ಲಿನಲ್ಲಿ ಅರ್ಧ ಕಪ್ ಚಹಾ ಕುಡಿಯುತ್ತಿದ್ದ.