ಕಾಕಾ ಕಲಿಸಿದ ಯಂತ್ರ

ಸೋತಿದ್ದಕ್ಕೆ ಪೇಢೆ ಹಂಚಿದವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಪಕ್ಕದ ಮನೆಯಲ್ಲೇ ಇದ್ದಾರೆ, ನಮ್ಮ ಕಾಕಾ!

ಪಾಲಿಟೆಕ್ನಿಕ್‌ನಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಲೆ, ಅವರ ಓರಗೆಯವರೆಲ್ಲ ಕೋಟೆಯ ಕಡೆ ವಾಕಿಂಗ್ ಹೊರಟರೆ, ಕಾಕಾ ಸ್ಟೇಶನ್ ಬಜಾರದ ರದ್ದಿ ಅಂಗಡಿಯಿಂದ ಪುಸ್ತಕವೊಂದನ್ನು ಹಿಡಿದು ಬಂದರು. ‘ಗೋ’ ಎಂಬ ಆಟದ ಪುಸ್ತಕ. ಗೆರೆ ಎಳೆದ ಹಲಗೆಯ ಮೇಲೆ ಒಬ್ಬರು ಕರಿ ಕಾಯಿ, ಒಬ್ಬರು ಬಿಳಿ ಕಾಯಿ ಇಡುತ್ತ ಹೋಗುವುದು. ಹೆಚ್ಚು ಜಾಗಕ್ಕೆ ಬೇಲಿ ಹಾಕಿದವರು ಗೆದ್ದಂತೆ. ಸುತ್ತ ಒಂದೂ ಖಾಲಿ ಜಾಗ ಉಳಿಯದ ಕಾಯಿ ಸತ್ತಂತೆ. ಹಲಗೆ ಎಲ್ಲಿಂದ ಬಂತು ಅಂತೀರಾ? ಅವರ ಹೆಂಡತಿ ಕಾಕುವಿನ ಅಡುಗೆಮನೆಯ ಕಪಾಟಿಗೆ ಇಂದಿಗೂ ಒಂದೇ ಬಾಗಿಲು! ಕಾಯಿಗಳಿಗೆ ಜಗತ್ ಸರ್ಕಲ್ಲಿನ ಅಂಗಡಿಯಿಂದ ಕರಿ, ಬಿಳಿ ಅಂಗಿ ಗುಂಡಿಗಳು ಬಂದವು.

ಎದುರಾಳಿ ಮಾತ್ರ ಕಮಲಾಪುರದಲ್ಲಿದ್ದರು. ಕಾಕಾನ ಹಳೆಯ ಗೆಳೆಯರು, ಶಾಲೆ ಮಾಸ್ತರು. ಪ್ರತಿ ಐತ್ವಾರ ಬಸ್ಸು ಹತ್ತಿ ಹೋಗಿ ಕಾಕಾ ಅವರಿಗೆ ಆಟ ಕಲಿಸಿದರು. ಮೂರನೆಯ ಐತ್ವಾರದಿಂದ ಮಾಸ್ತರು ಗೆಲ್ಲತೊಡಗಿದರು. ಆಮೇಲೆ ನಿಲ್ಲಿಸಲೇ ಇಲ್ಲ! ಸೋತವರ ಕೈಗೆ ಅರ್ಧ ಡಜನ್ ಕೆಂಪು ಬಾಳೆಹಣ್ಣು ಕೊಟ್ಟು ಬಸ್ಸು ಹತ್ತಿಸುತ್ತಿದ್ದರು. ಕಾಕು “ಏನಾಯ್ತ್ರಿ?” ಎಂದು ಕೇಳುವುದನ್ನೇ ಬಿಟ್ಟರು. ಸುಮ್ಮನೆ ಸಿಪ್ಪೆ ಸುಲಿಯುತ್ತಿದ್ದರು.

“ಒಮ್ಮೆ, ಒಂದs ಒಮ್ಮೆ ಆ ಮಾಸ್ತರಗ ಸೋಲಸಬೇಕವಾ” ಎಂದು ನನ್ನೆದುರು ಗೋಳಾಡಿದ ಕಾಕಾ, ತಮ್ಮ ಕೈಲಾಗದ್ದನ್ನು ಕಂಪ್ಯೂಟರಿನಿಂದ ಮಾಡಿಸಲು ಪ್ರೋಗ್ರಾಂ ಬರೆಯತೊಡಗಿದರು.

“ಅಂಥದ್ದು ರೆಡಿಮೇಡ್ ಸಿಗ್ತದಂತಲ್ಲ ಕಾಕಾ?”

“ಸಿಗ್ತದ. ಬೀಗರ ಮನಿ ಹೋಳಿಗಿ ತಂದು, ನಾನs ಮಾಡೀನಿ ಅಂತ ಬಡಸಲೇನು?”

ಆ ಪ್ರೋಗ್ರಾಂ ಮೊದಮೊದಲು ಬಲು ವಿಚಿತ್ರ. ಬೇಲಿ ಹಾಕಿ ಗೆದ್ದ ಜಾಗದೊಳಗೆ ತಾನೇ ಕಾಯಿ ತುಂಬುತ್ತ ತುಂಬುತ್ತ, ಉಸಿರಾಡಲು ಜಾಗವಿಲ್ಲದೆ ತಾನೇ ಸಾಯುತ್ತಿತ್ತು! ತಿಂಗಳುಗಟ್ಟಲೆ ಇದೇ ಹಾಡು. ಒಂದು ಬೇಸಿಗೆಯ ಮುಂಜಾನೆ ನಾನು ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಾಗ ಕಾಕಾ ಬಂದು ಆ ದುಃಖ ತೋಡಿಕೊಂಡರು.

“ಸಂಡಿಗಿ ಇಡೋವಾಗ ಹೊಳ್ಳಿ ಬರಾಕ ಕಾಲಿಡೋ ಜಾಗ ಬಿಡಬೇಕಲ್ಲ? ಎರಡು ಕಡೆ ಬಿಟ್ಟರ ಇನ್ನೂ ಛಲೋ. ನಿಮ್ಮ ಯಂತ್ರಕ್ಕ ಅಷ್ಟೂ ಹೇಳಿಲ್ಲೇನು?” ಅಂದೆ.

ಪುಸ್ತಕದಲ್ಲಿ ಇದ್ದದ್ದೂ ಅದೇ ಅಂತೆ. ಯಂತ್ರಕ್ಕೆ ತಿಳಿಸುವ ಬಗೆ ಹೊಳೆದಿರಲಿಲ್ಲ. ಕಾಕಾ ಎರಡು ಸಾಲು ಸಂಡಿಗೆ ತುಳಿದುಕೊಂಡೇ ಕೆಳಗೋಡಿದರು! ಪ್ರೋಗ್ರಾಮಿನಲ್ಲಿ ಆ ನಿಯಮದ ಹೆಸರೇ ‘ಸಂಡಿಗೆ’. ನನಗೆ ಸಿಕ್ಕ ಏಕೈಕ ಬಿರುದು.

ಅದಾಗಿ ಎರಡು ತಿಂಗಳು ಕಾಕಾ ಐತ್ವಾರದ ಬಸ್ಸನ್ನೂ ಬಿಟ್ಟು ದುಡಿದರು. ಕೊನೆಗೊಂದು ದಿನ ಯಂತ್ರ ಅವರನ್ನೇ ಸೋಲಿಸಿತು. ಓಣಿಗೆಲ್ಲ ಪೇಢೆ!

“ನಿಮಗ ಸೋಲಸಾಕ ನಾ ಒಬ್ಬಾಕಿ ಸಾಲಂಗಿಲ್ಲೇನ್ರಿ? ಅದಕ್ಕ ಬ್ಯಾರೆ ಕರೆಂಟ್ ಸುಡಬೇಕೇನು?” ಅಂದರು ಕಾಕು.

ಮುಂದಿನ ಐತ್ವಾರ ಲ್ಯಾಪ್‌ಟಾಪ್ ಸಮೇತ ಕಮಲಾಪುರಕ್ಕೆ ದಂಡಯಾತ್ರೆ. ಹಲಗೆ ಹೊರಲು ನಾನು. ಯಂತ್ರ ಹೇಳಿದ ಕಡೆ ಕಾಕಾ ಬಿಳಿ ಗುಂಡಿ ಇಡುತ್ತ ಹೋದರು. ಮಾಸ್ತರದು ಕರಿ. ಊಟದ ಹೊತ್ತಿಗೆ ಕಾಕಾ ಗೆಲ್ಲುವುದು ನನಗೂ ಕಾಣುತ್ತಿತ್ತು! ಆಗ ಮಾಸ್ತರ ಬೆರಳು ಬಿಳಿ ಗುಂಡಿಗಳ ಬಟ್ಟಲಿಗೆ ಹೋಯಿತು. ಬಿಳಿ ಗುಂಡಿಯನ್ನೇ ತಂದು, ಬಲು ಗತ್ತಿನಿಂದ ತಮ್ಮ ಕಾಯಿಯೆಂದು ಇಟ್ಟರು.

ಕಾಕಾ ನಗಲಿಲ್ಲ. ಮಾಸ್ತರ ಕಣ್ಣು ನೋಡಿದರು. ಅವು ಹಲಗೆಯ ಪಕ್ಕದಲ್ಲೆಲ್ಲೋ ನೋಡುತ್ತಿದ್ದವು. ಕಾಕಾ ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದರು.

“ಬ್ಯಾಟ್ರಿ ಹೋತ್ರಿ ಮಾಸ್ತರ. ಇವತ್ತ ಇಷ್ಟ ಸಾಕು.”

ಬ್ಯಾಟರಿ ಅರ್ಧಕ್ಕಿಂತ ಹೆಚ್ಚೇ ಇತ್ತು. ನಾನು ಗುಂಡಿಗಳನ್ನು ಎತ್ತಿ ಬಟ್ಟಲಿಗೆ ಹಾಕತೊಡಗಿದೆ.

ಆ ವಾರವಿಡೀ ಕಾಕಾ ಹಲಗೆಯ ಗೆರೆಗಳನ್ನು ಬೆರಳಿಗೆ ತಾಕುವಂತೆ ಚಾಕುವಿನಿಂದ ಕೊರೆದರು. ಐತ್ವಾರ ಲ್ಯಾಪ್‌ಟಾಪ್ ಮನೆಯಲ್ಲೇ ಉಳಿಯಿತು. ನನ್ನ ಡಬ್ಬಿಯ ಹುಣಸೆ ಬೀಜ ಕಮಲಾಪುರಕ್ಕೆ ಹೊರಟಿತು.

“ಕರಿ ಗುಂಡಿ ಕಳಕೊಂಡೀನ್ರಿ ಮಾಸ್ತರ. ನೀವು ಹುಣಸಿ ಬೀಜದಾಗ ಆಡ್ರಿ.”

ಮಾಸ್ತರು ಬೀಜವೊಂದನ್ನು ಬೆರಳಲ್ಲಿ ಹೊರಳಿಸಿದರು. ಹಲಗೆಯ ಗೆರೆ ಸವರಿದರು. ಕಾಕಾನ ಕೈ ಹುಡುಕಿ, ಪಟ್ಟಿ ಸುತ್ತಿದ ಎರಡು ಬೆರಳು ಮುಟ್ಟಿದರು.

“ನಿಮಗ ಸುಳ್ಳು ಹೇಳಾಕ ಬರಂಗಿಲ್ಲ ನೋಡ್ರಿ, ಸರ” ಎಂದು ಮೊದಲ ಬೀಜ ಇಟ್ಟರು.

ಕಾಕಾ ಅಂದು ಗೆಲ್ಲಲೇಬೇಕೆಂದು ಜೀವ ಬಿಟ್ಟು ಆಡಿದರು. ಕನಿಕರದಿಂದ ಆಡಿದ್ದರೆ ಮಾಸ್ತರಿಗೆ ಗೊತ್ತಾಗದೆ ಇರುತ್ತಿತ್ತೇ? ಕಾಕಾ ಎರಡು ತಾಸು ಆಡಿದರು.

ಸೋತರು.