ಒಂದೇ ಮನೆಯವರು

ಕೋಕಿಲಾ: ಕಾರಣ ಅನ್ನೋ ಜಾಗದಲ್ಲಿ ನನ್ನ ಹೆಸರು ಯಾಕ್ರೀ ಹಾಕಿದ್ರಿ?

ರಮಾಕಾಂತ: ಹೆಸರು ಎಲ್ಲಿ ಹಾಕಿದೀನಿ? ‘ಪತ್ನಿಯ ಇಚ್ಛೆ’ ಅಂತ ಹಾಕಿದೀನಿ.

ಕೋಕಿಲಾ: ನಿಮಗೆ ಎಷ್ಟು ಜನ ಪತ್ನಿಯರು?

ರಮಾಕಾಂತ: ಮೆತ್ತಗೆ ಮಾತಾಡು ಕೋಕಿ. ಬೋರ್ಡ್ ನೋಡು.

ಬೋರ್ಡು ಇದ್ದುದು ನಿಜ. ಲಿಫ್ಟಿನ ಪ್ರತಿ ಕಂಬದ ಮೇಲೂ ಮಾಸ್ಕ್ ತೊಟ್ಟ ಒಂದು ಕರಡಿ ಬಾಯಿಗೆ ಬೆರಳಿಟ್ಟುಕೊಂಡು ನಿಂತಿತ್ತು. ಅದರ ಕೆಳಗೆ ಜಪಾನಿಯಲ್ಲಿ ‘ದಯವಿಟ್ಟು ಮಾತು ಕಡಿಮೆ ಮಾಡಿ’ ಎಂದು ಬರೆದಿತ್ತು. 2020ರ ಡಿಸೆಂಬರ್ ಅದು. ಜಪಾನಿನ ನಾಗಾನೊದ ಆ ಸ್ಕೀ ಬೆಟ್ಟಕ್ಕೆ ಹತ್ತೊಂಬತ್ತು ಲಿಫ್ಟುಗಳು, ನಲವತ್ತು ಇಳಿಜಾರುಗಳು. ಬೇರೆ ವರ್ಷಗಳಲ್ಲಿ ದೇಶದೇಶಗಳಿಂದ ಬಂದು ತುಂಬುತ್ತಿದ್ದ ಜನ ಈ ವರ್ಷ ಗಡಿಯಾಚೆಗೇ ಉಳಿದಿದ್ದರು. ತಂತಿಗೆ ತೂಗುಬಿದ್ದ, ಇಬ್ಬಿಬ್ಬರು ಕೂರುವ ಕುರ್ಚಿಗಳು ಖಾಲಿಯಾಗಿ ಮೇಲೆ ಹೋಗಿ ಖಾಲಿಯಾಗಿಯೇ ಕೆಳಗೆ ಬರುತ್ತಿದ್ದವು, ಯಾರಿಗೋ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಿರುವ ಹಾಗೆ.

ಈ ಬೆಟ್ಟವನ್ನು ಹುಡುಕಿದವಳು ಕೋಕಿಲಾ. ಅದರ ವೆಬ್‌ಸೈಟಿನಲ್ಲಿ ಅವಳಿಗೆ ಹಿಡಿಸಿದ್ದು ಹಿಮವಲ್ಲ, ಒಂದು ಸಾಲು: ‘ಜೋಡಿ ಲಿಫ್ಟ್, ಮೇಲೇರಲು ಏಳು ನಿಮಿಷ.’ ಎಡೋಗಾವಾದ ಅವರ ಮನೆಗೆ ಎರಡೇ ಕೋಣೆ. ಒಂದರಲ್ಲಿ ಮಾರ್ಚ್ ತಿಂಗಳಿಂದ ರಮಾಕಾಂತನ ಆಫೀಸು, ಇನ್ನೊಂದರಲ್ಲಿ ಎಂಟು ವರ್ಷದ ಮಗಳು ಅಮೂಲ್ಯಳ ಶಾಲೆ. ಕೋಕಿಲಾ ಏನು ಹೇಳಲು ಬಂದರೂ ರಮಾಕಾಂತ ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ ತೋರುಬೆರಳು ಎತ್ತುತ್ತಿದ್ದ. ಒಂದು ನಿಮಿಷ ತಾಳು ಎಂದು ಅದರ ಅರ್ಥ. ಹೀಗಾಗಿ ಒಂಬತ್ತು ತಿಂಗಳಿಂದ ಆ ಮನೆಯಲ್ಲಿ ಒಂದು ಜಗಳವೂ ಕೊನೆ ಮುಟ್ಟಿರಲಿಲ್ಲ. ಇವತ್ತು ಅಮೂಲ್ಯಳನ್ನು ಕೆಳಗೆ ಮಕ್ಕಳ ಸ್ಕೀ ತರಗತಿಗೆ ಬಿಟ್ಟಾಗಿತ್ತು. ರಮಾಕಾಂತನ ಕೈಗೆ ದಪ್ಪ ಗವಸು ಹಾಕಿಸಿಯಾಗಿತ್ತು, ಫೋನು ಮುಟ್ಟುವಂತಿರಲಿಲ್ಲ.

ಮುಗಿಯಬೇಕಾದ ಜಗಳ ಇದು. ಜಪಾನಿನಲ್ಲಿ ಇನ್ನೂ ಎರಡು ವರ್ಷ ಇರುತ್ತೀರೋ, ಮಾರ್ಚಿಗೆ ಮೈಸೂರಿಗೆ ಮರಳುತ್ತೀರೋ ಎಂದು ಕಂಪನಿ ಕೇಳಿತ್ತು. ಉತ್ತರ ಕೊಡಲು ಇವತ್ತು ಸಂಜೆ ಐದರವರೆಗೆ ಗಡುವು. ‘ಮರಳುತ್ತೇವೆ. ಕಾರಣ: ಪತ್ನಿಯ ಇಚ್ಛೆ’ ಎಂದು ರಮಾಕಾಂತ ಫೋನಿನಲ್ಲಿ ತುಂಬಿಟ್ಟಿದ್ದ. ಕಳಿಸುವುದೊಂದು ಬಾಕಿ ಇತ್ತು.

ಕೋಕಿಲಾ: ವಾಪಸ್ ಹೋಗ್ಬೇಕು ಅಂತ ನಾನು ಯಾವಾಗ್ರೀ ಹೇಳ್ದೆ?

ರಮಾಕಾಂತ: ನರೀತಾ ಏರ್‌ಪೋರ್ಟಲ್ಲಿ ಇಳಿದ ದಿನ. ‘ಈಗ್ಲೇ ವಾಪಸ್ ಕರ್ಕೊಂಡು ಹೋಗಿ’ ಅಂತ ಅಳ್ತಾ ಕೂತಿದ್ದೆ.

ಕೋಕಿಲಾ: ಅವತ್ತು ನನ್ನ ಸೂಟ್‌ಕೇಸ್ ಬಂದಿರ್ಲಿಲ್ಲ!

ರಮಾಕಾಂತ: ಆಮೇಲೆ ಮನಸ್ಸು ಬದಲಾಯ್ತು ಅಂತ ನೀನು ಹೇಳ್ಲೇ ಇಲ್ವಲ್ಲ.

ಕೋಕಿಲಾ: ಮೂರು ವರ್ಷ ಆಯ್ತು! ಸೂಟ್‌ಕೇಸ್ ಮಾರನೇ ದಿನವೇ ಬಂತು!

ರಮಾಕಾಂತ: ಅದು ಬಂದಿದ್ದು ಗೊತ್ತು. ಮೂರನೇ ಮಹಡಿಗೆ ಹೊತ್ತವನು ನಾನೇ.

ಕೋಕಿಲಾ: ಅಂದ್ರೆ ನಿಮಗೆ ಹೋಗೋ ಆಸೆ. ಅದಕ್ಕೆ ನನ್ನ ಹೆಸರು ನೆಪ.

ರಮಾಕಾಂತ: ಹಾಗಾದ್ರೆ ಇರೋಣ ಅಂತೀಯಾ? ಯಾಕೆ? ಒಂದು ಕಾರಣ ಹೇಳು.

ಕಾರಣ ಮನೆಯಲ್ಲಿತ್ತು, ರವೆ ಡಬ್ಬಿಯ ಅಡಿಯಲ್ಲಿ, ನಾಲ್ಕಾಗಿ ಮಡಿಸಿದ ಒಂದು ಪತ್ರದ ರೂಪದಲ್ಲಿ. ಕೋಕಿಲಾ ಉಸಿರೆಳೆದುಕೊಂಡು ಬಾಯಿ ತೆರೆದಳು.

ರಮಾಕಾಂತ: ಕಾಲೆತ್ತು! ಕಾಲೆತ್ತು! ಮೇಲೆ ಬಂತು!

ಏಳು ನಿಮಿಷ ಮುಗಿದಿತ್ತು. ಕುರ್ಚಿ ಇಬ್ಬರನ್ನೂ ಹಿಮದ ಮೇಲೆ ಕೆಡವಿ ತನ್ನ ಪಾಡಿಗೆ ತಿರುಗಿಕೊಂಡು ಹೋಯಿತು.

ಇಳಿಯುವಾಗ ಜಗಳವಾಡಲು ಆಗಲಿಲ್ಲ. ರಮಾಕಾಂತ ಬೆಟ್ಟದ ನಕ್ಷೆಯನ್ನು ಹಿಂದಿನ ದಿನವೇ ಪ್ರಾಜೆಕ್ಟಿನಂತೆ ಓದಿಕೊಂಡಿದ್ದ. ಹಸಿರು ಗೆರೆ ಸುಲಭದ್ದು, ಕೆಂಪು ನಡುವಿನದು, ಕಪ್ಪು ಕಷ್ಟದ್ದು. ಓದಿದ್ದು ಕಾಲಿಗೆ ಮಾತ್ರ ಇಳಿದಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಬಿದ್ದು, ಎದ್ದು, ನಕ್ಷೆ ನೋಡಿ, ಮತ್ತೆ ಬೀಳುತ್ತಿದ್ದ. ಬರ್ಚ್ ಮರಗಳ ನಡುವೆ ಹಿಮ ಸದ್ದಿಲ್ಲದೆ ಇಳಿಯುತ್ತಿತ್ತು. ಹಳದಿ ಅಂಗಿಯ ಮಕ್ಕಳ ಸಾಲೊಂದು ಇಬ್ಬರನ್ನೂ ದಾಟಿಕೊಂಡು ಹೋಯಿತು. ಕೊನೆಯವಳು ‘ಪಾಪಾ, ಗಂಬತ್ತೇ!’ ಎಂದು ಹುರಿದುಂಬಿಸಿದಳು. ಅಮೂಲ್ಯ. ಕೋಕಿಲಾ ಗಂಡನಿಗಿಂತ ಮೊದಲೇ ಕೆಳಗೆ ಮುಟ್ಟಿದಳು. ನಿಲ್ಲುವುದು ಹೇಗೆಂದು ಅವಳಿಗೆ ತಿಳಿದಿರಲಿಲ್ಲ.

ಅವಳ ಗಾಗಲ್ಸಿನ ಒಳಗೆ ಮಂಜು ಕವಿದಿತ್ತು. ಸ್ವಲ್ಪ ಹೊತ್ತು ಕಾದ ಮೇಲೆ ಲಿಫ್ಟಿನ ಬಳಿ ಹಸಿರು ಜಾಕೆಟ್ಟು ಕಾಣಿಸಿತು. ಬಾಡಿಗೆಯ ಅಂಗಡಿಯಲ್ಲಿ ಎಲ್ಲರಿಗೂ ಅದೇ ಹಸಿರು, ಅದೇ ಕಪ್ಪು ಹೆಲ್ಮೆಟ್ಟು. ಮುಖದ ಮೇಲೆ ಗಾಗಲ್ಸು, ಅದರ ಕೆಳಗೆ ಮಾಸ್ಕು. ಭುಜ ಜೋತುಬಿದ್ದಿತ್ತು, ಬೆನ್ನಿಗೆ ಹಿಮ ಮೆತ್ತಿತ್ತು. ಸಂಶಯಕ್ಕೆ ಎಡೆಯೇ ಇರಲಿಲ್ಲ. ಕೋಕಿಲಾ ತೋಳು ಹಿಡಿದು, ಲಿಫ್ಟು ಹತ್ತಲು ನಿಲ್ಲುವ ಕೆಂಪು ಗೆರೆಯವರೆಗೂ ಎಳೆದುಕೊಂಡು ಹೋದಳು. ಆ ವರ್ಷ ಒಂದೇ ಮನೆಯವರು ಮಾತ್ರ ಒಂದು ಕುರ್ಚಿಯಲ್ಲಿ ಕೂರಬಹುದಿತ್ತು. ಪ್ಲಾಸ್ಟಿಕ್ ಪರದೆಯ ಹಿಂದಿನಿಂದ ಲಿಫ್ಟಿನವನು ‘ಒಂದೇ ಮನೆಯವರೇ?’ ಎಂದು ಜಪಾನಿಯಲ್ಲಿ ವಿನಯವಾಗಿ ಕೇಳಿದ. ಅವಳು ‘ಹಾಯಿ, ಹಾಯಿ’ ಎಂದು ಅವನ ಭಾಷೆಯಲ್ಲೇ ಹೌದೆಂದಳು. ಕುರ್ಚಿ ಮೊಣಕಾಲಿನ ಹಿಂದೆ ಬಡಿದು ಇಬ್ಬರನ್ನೂ ಎತ್ತಿಕೊಂಡಿತು.

ಕೋಕಿಲಾ: ಈ ಸಲ ನೀವು ಬಾಯಿ ಬಿಡ್ಬೇಡಿ. ಏಳು ನಿಮಿಷ ನಾನೇ ಮಾತಾಡೋದು.

ಪಕ್ಕದವನು ಕಂಬದ ಮೇಲಿನ ಕರಡಿಯನ್ನು ನೋಡಿ ತಲೆಯಾಡಿಸಿದ.

ಕೋಕಿಲಾ: ಅಬ್ಬ, ಒಂದು ಮಾತಿಗೆ ಒಪ್ಕೊಂಡ್ರಲ್ಲ! ಕಾರಣ ಕೇಳಿದ್ರಲ್ಲ, ಕೇಳಿ ಈಗ. ನಮ್ಮನೆ ಹಿಂದೆ ಹೊಯ್ಕುಎನ್ ಇದೆಯಲ್ಲ, ಪುಟ್ಟ ಪುಟ್ಟ ಮಕ್ಕಳನ್ನ ತಳ್ಳುಗಾಡೀಲಿ ನಿಲ್ಲಿಸ್ಕೊಂಡು ಪಾರ್ಕಿಗೆ ಕರ್ಕೊಂಡು ಹೋಗ್ತಾರಲ್ಲ, ಅದೇ ಶಿಶುವಿಹಾರ. ಅಲ್ಲಿ ನನಗೆ ಕೆಲಸ ಸಿಕ್ಕಿದೆ.

ಅವನು ನಿಧಾನವಾಗಿ ತಲೆಯಾಡಿಸಿದ.

ಕೋಕಿಲಾ: ಮೂರು ಸಲ ಇಂಟರ್‌ವ್ಯೂ. ಮೂರು ಸಲವೂ ಕೊಂಬಿನಿ ಅಂಗಡಿಗೆ ಹಾಲು ತರೋಕೆ ಹೋಗ್ತೀನಿ ಅಂತ ಹೇಳಿ ಹೋದೆ. ಆ ತಿಂಗಳು ಮನೇಲಿ ಎಷ್ಟು ಹಾಲಿತ್ತು ಅಂತ ನೋಡಿದ್ರಾ? ಒಂದೇ ವಾರದಲ್ಲಿ ಮೂರು ಸಲ ಪಾಯಸ ತಿಂದ್ರಿ. ಇವತ್ತೇನು ವಿಶೇಷ ಅಂತ ಒಂದು ಸಲನಾದ್ರೂ ಕೇಳಿದ್ರಾ?

‘ಊಂ…’ ಎಂದು ಮಾಸ್ಕಿನೊಳಗಿಂದ ಒಂದು ಸಣ್ಣ, ದುಃಖದ ದನಿ ಬಂತು. ಕೋಕಿಲಾಳ ಸಿಟ್ಟು ಒಂದು ಮೆಟ್ಟಿಲು ಇಳಿಯಿತು. ಇವರಿಗೆ ಪಶ್ಚಾತ್ತಾಪವಾಗಿದೆ.

ಕೋಕಿಲಾ: ಇಲ್ಲಿಗೆ ಬಂದಾಗಿಂದ ನನ್ನ ರೆಸಿಡೆನ್ಸ್ ಕಾರ್ಡಿನ ಮೇಲೆ ಡಿಪೆಂಡೆಂಟ್ ಅಂತಲೇ ಇದೆ. ಇರ್ಲಿ ಬಿಡಿ. ವಾರಕ್ಕೆ ಇಪ್ಪತ್ತೆಂಟು ಗಂಟೆ ಕೆಲಸ ಮಾಡ್ಬಹುದು, ಅದಕ್ಕೂ ಪರ್ಮಿಷನ್ ತಗೊಂಡೆ. ಕೊನೇ ದಿನ ಆ ಹೆಡ್ ಟೀಚರ್ ಏನಂದ್ರು ಗೊತ್ತಾ? ‘ಶಿಗಾತ್ಸು ಕಾರಾ, ಹೊಯ್ಕುಎನ್, ಯೊರೊಶಿಕು ಒನೆಗಾಯಿಶಿಮಾಸು.’ ಶಿಗಾತ್ಸು ಅಂದ್ರೆ ಏಪ್ರಿಲ್, ನಿಮಗೂ ಗೊತ್ತು. ಏಪ್ರಿಲ್‌ನಿಂದ ನಮ್ಮ ಶಿಶುವಿಹಾರಕ್ಕೆ ಬನ್ನಿ ಅಂತ. ನನಗೆ, ನನಗೆ ಬಗ್ಗಿ ನಮಸ್ಕಾರ ಮಾಡಿದ್ರು ರೀ.

ಅವನು ಸರಕ್ಕನೆ ಅವಳತ್ತ ತಿರುಗಿದ. ಎರಡು ದಪ್ಪ ಗವಸುಗಳು ಒಂದಕ್ಕೊಂದು ತಟ್ಟಿ ‘ಧಪ್, ಧಪ್’ ಎಂದವು.

ಕೋಕಿಲಾ: ಚಪ್ಪಾಳೆನಾ?

ಮತ್ತೊಮ್ಮೆ ‘ಧಪ್, ಧಪ್’.

ಹತ್ತು ವರ್ಷದ ಸಂಸಾರದಲ್ಲಿ ಅವಳ ಮಾತನ್ನು ಯಾರೂ ಇಷ್ಟು ಹೊತ್ತು, ಇಷ್ಟು ಚೆನ್ನಾಗಿ ಕೇಳಿರಲಿಲ್ಲ. ಸುಮ್ಮನೆ ಇವರನ್ನು ಬೈದುಕೊಂಡೆ ಅನ್ನಿಸಿ ಮೆಲ್ಲಗೆ ಅವನ ಭುಜಕ್ಕೆ ತಲೆ ಒರಗಿಸಹೋದಳು. ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಟಕ್ಕೆಂದಿತು. ಅಷ್ಟರಲ್ಲಿ ಮೇಲಿನ ನಿಲ್ದಾಣ ಬಂತು.

ಇಳಿದ ಮೇಲೆ ಅವನು ಗಾಗಲ್ಸು ಸರಿಸಿದ. ಹುಬ್ಬು ಬೆಳ್ಳಗಿತ್ತು. ಎಪ್ಪತ್ತು ದಾಟಿದ ಒಬ್ಬ ಜಪಾನಿ ಅಜ್ಜ ಅವಳೆದುರು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಕಾಲಲ್ಲಿ ಸ್ಕೀ ಇದ್ದುದರಿಂದ ನಮಸ್ಕರಿಸುತ್ತಲೇ ನಾಲ್ಕು ಅಡಿ ಹಿಂದಕ್ಕೆ ಜಾರಿಹೋದರು. ಎಳೆದುಕೊಂಡು ಬಂದವಳನ್ನು ತಡೆದರೆ ಅವಳಿಗೆ ಮುಜುಗರವಾದೀತೆಂದು ಸುಮ್ಮನೆ ಕೂತಿದ್ದವರು; ಮೇಲಾಗಿ ಮಾತಾಡಬಾರದೆಂದು ಕರಡಿಯೂ ಹೇಳಿತ್ತು.

ಹಿಂದಿನ ಕುರ್ಚಿ ಬಂತು. ಅದರಲ್ಲಿ ರಮಾಕಾಂತ ಕೈಕಟ್ಟಿ ಶಾಲೆಯ ಹುಡುಗನಂತೆ ನೆಟ್ಟಗೆ ಕೂತಿದ್ದ. ಪಕ್ಕದಲ್ಲಿದ್ದ ಜಪಾನಿ ಅಜ್ಜಿ ಅವನ ಪ್ಯಾಂಟಿಗೆ ಮೆತ್ತಿದ ಹಿಮ ತೋರಿಸಿ ಏನೋ ಗದರುತ್ತಿದ್ದರು. ಇಳಿದು, ಇತ್ತ ನಿಂತಿದ್ದ ತಮ್ಮ ಗಂಡನನ್ನು ಕಂಡವರೇ ‘ಆರಾ!’ ಎಂದು ಬಾಯಿ ಮುಚ್ಚಿಕೊಂಡರು.

ಕೋಕಿಲಾ: ನೀವು ಅಲ್ಲೇನ್ರೀ ಮಾಡ್ತಿದೀರ?

ರಮಾಕಾಂತ: ನೀನು ಇವರನ್ನ ಎಳ್ಕೊಂಡು ಹತ್ತಿದೆ. ಈ ಅಜ್ಜಿ ನನ್ನ ಎಳ್ಕೊಂಡು ಹತ್ತಿದ್ರು.

ಕೋಕಿಲಾ: ಅಲ್ಲ ಅಂತ ಹೇಳ್ಬಾರ್ದಿತ್ತಾ?

ರಮಾಕಾಂತ: ‘ನಾನು ನಿಮ್ಮ ಗಂಡ ಅಲ್ಲ’ ಅಂತ ಮರ್ಯಾದೆಯ ಜಪಾನಿಯಲ್ಲಿ ಹೇಗೆ ಹೇಳೋದು ಅಂತ ಯೋಚಿಸ್ತಾ ಇದ್ದೆ. ಅಷ್ಟ್ರಲ್ಲಿ ಮೇಲೆ ಬಂತು.

ಕೋಕಿಲಾ: ಏಳು ನಿಮಿಷ ಯೋಚಿಸಿದ್ರಾ?

ರಮಾಕಾಂತ: ಅವರು ಬೈತಾ ಇದ್ರು, ನಾನು ಹಾಯಿ ಹಾಯಿ ಅಂತಿದ್ದೆ. ನನಗೇನೂ ಹೊಸದು ಅನ್ನಿಸ್ಲಿಲ್ಲ.

ಅಜ್ಜ ಜಾರಿಹೋದಲ್ಲಿಂದ ಕಷ್ಟಪಟ್ಟು ಹತ್ತಿ ಬಂದು ರಮಾಕಾಂತನಿಗೂ ಬಗ್ಗಿದರು. ‘ಒಮೆದೆತೋ ಗೊಜಾಯಿಮಾಸು,’ ಎಂದು ಅಭಿನಂದಿಸಿದರು. ‘ಶಿಗಾತ್ಸು. ಹೊಯ್ಕುಎನ್.’ ಆಮೇಲೆ ಗಂಡ ಹೆಂಡತಿ ಒಬ್ಬರ ತೋಳು ಒಬ್ಬರು ಭದ್ರವಾಗಿ ಹಿಡಿದುಕೊಂಡು ಇಳಿಜಾರಿನತ್ತ ಹೊರಟರು.

ರಮಾಕಾಂತ ಬಗ್ಗಿ ಕೋಕಿಲಾಳ ಹೊಟ್ಟೆಯತ್ತ ನೋಡಿದ.

ರಮಾಕಾಂತ: ಕೋಕಿ, ಏಪ್ರಿಲ್‌ನಲ್ಲಿ ಶಿಶುವಿಹಾರ ಅಂತ ಕಂಗ್ರಾಟ್ಸ್ ಹೇಳ್ತಿದಾರೆ.

ಕೋಕಿಲಾ: ಹೌದು. ನಿಮಗೆ ಹೇಳ್ತಿದೀನಿ ಅಂದ್ಕೊಂಡು ಅವರಿಗೆ ಹೇಳ್ಬಿಟ್ಟೆ.

ರಮಾಕಾಂತ: ಏಪ್ರಿಲ್‌ಗೆ ಇನ್ನು ನಾಲ್ಕೇ ತಿಂಗಳು ಕಣೇ! ಇಂಥಾ ಹೊತ್ತಲ್ಲಿ ಸ್ಕೀ ಮಾಡ್ತಿದೀಯಾ? ಕೂತ್ಕೋ ಮೊದ್ಲು!

ಕೋಕಿಲಾ: ಎಂಥಾ ಹೊತ್ತಲ್ಲಿ?

ರಮಾಕಾಂತ: ಅದಕ್ಕೇ ಅಷ್ಟೊಂದು ಪಾಯಸನಾ? ನಿನಗೆ ಸಿಹಿ ತಿನ್ನೋ ಆಸೆ ಆಗಿತ್ತಾ? ನಾನೊಬ್ಬ ದಡ್ಡ, ಗೊತ್ತೇ ಆಗ್ಲಿಲ್ಲ!

ಅವಳ ಸ್ಕೀ ಕಳಚಲು ಬಗ್ಗಿದವನು ಅವಳ ಕಾಲ ಬುಡದಲ್ಲೇ ಉದ್ದಕ್ಕೆ ಬಿದ್ದ.

ಕೋಕಿಲಾ: ರೀ, ಹೊಯ್ಕುಎನ್‌ಗೆ ಸೇರ್ತಿರೋದು ನಾನು!

ರಮಾಕಾಂತ: ನೀನಾ? ನಿನಗೆ ಮೂವತ್ತನಾಲ್ಕು!

ಕೋಕಿಲಾ: ಕೆಲಸಕ್ಕೆ! ಟೀಚರಿಗೆ ಅಸಿಸ್ಟೆಂಟ್ ಆಗಿ!

ರಮಾಕಾಂತ ಬಿದ್ದಲ್ಲೇ ಉಳಿದ. ಅವನ ಗಾಗಲ್ಸಿನ ಮೇಲೆ ಹಿಮದ ಹೂಗಳು ಒಂದೊಂದಾಗಿ ಕೂತವು. ಅವನು ಒರೆಸಿಕೊಳ್ಳಲಿಲ್ಲ.

ರಮಾಕಾಂತ: ನನಗ್ಯಾಕೆ ಹೇಳ್ಲಿಲ್ಲ?

ಕೋಕಿಲಾ: ಹೇಳೋಕೆ ಬಂದಾಗೆಲ್ಲ ಬೆರಳೆತ್ತಿದ್ರಿ.

ಅವನು ಗವಸಿನೊಳಗಿದ್ದ ಬೆರಳನ್ನು, ಬೇರೆ ಯಾರದೋ ಎಂಬಂತೆ ನೋಡಿದ.

ರಮಾಕಾಂತ: ಅಮೂಲ್ಯಂಗೆ ಗೊತ್ತಾ?

ಕೋಕಿಲಾ: ಇಂಟರ್‌ವ್ಯೂಗೆ ನನ್ನ ಜಪಾನಿ ತಿದ್ದಿದ್ದೇ ಅವಳು.

ರಮಾಕಾಂತ: ಅಂದ್ರೆ ಮನೇಲಿ ಗೊತ್ತಿಲ್ದೇ ಇದ್ದೋನು ನಾನೊಬ್ನೇ.

ಕೋಕಿಲಾ: ಈ ಬೆಟ್ಟದಲ್ಲೂ ನೀವೊಬ್ರೇ. ಈಗ ನಿಜ ಹೇಳಿ. ನಿಮಗೆ ವಾಪಸ್ ಹೋಗೋಕೆ ಇಷ್ಟನಾ, ಇಲ್ಲಿರೋಕೆ ಇಷ್ಟನಾ?

ರಮಾಕಾಂತ: ಗೊತ್ತಿಲ್ಲ ಕಣೇ. ಅದಕ್ಕೇ ನಿನ್ನ ಹೆಸರು ಹಾಕಿದ್ದು.

ಕೋಕಿಲಾಳಿಗೆ ಸಿಟ್ಟು ಬರಬೇಕಿತ್ತು. ಒಂದು ಕ್ಷಣ ಕಾದು ನೋಡಿದಳು, ಬರಲಿಲ್ಲ. ಕೈಹಿಡಿದು ಅವನನ್ನು ಎಬ್ಬಿಸಿ ಕೂರಿಸಿದಳು, ಎರಡೂ ಕೈಯಿಂದ ಅವನ ಗವಸು ಎಳೆದು ತೆಗೆದಳು. ಫೋನು ಹೊರಬಂತು. ಮೂರು ಮುಕ್ಕಾಲು. ಚಳಿಗೆ ಬ್ಯಾಟರಿ ಆರು ಪರ್ಸೆಂಟಿಗೆ ಇಳಿದಿತ್ತು.

ರಮಾಕಾಂತ: ಬೇಗ ಹೇಳು. ಏನಂತ ಬರೀಲಿ?

ಕೋಕಿಲಾ: ಎರಡು ವರ್ಷ ಇರ್ತೀವಿ ಅಂತ.

ರಮಾಕಾಂತ: ಕಾರಣ?

ಕೋಕಿಲಾ: ಈಗ ಏನಿದೆ ಅಲ್ಲಿ?

ರಮಾಕಾಂತ: ಪತ್ನಿಯ ಇಚ್ಛೆ.

ಕೋಕಿಲಾ: ಅದು ಹಾಗೇ ಇರ್ಲಿ. ಮೇಲಿನ ಸಾಲು ಮಾತ್ರ ಬದಲಾಯಿಸಿ.

ಉತ್ತರ ಹೋಯಿತು. ಅದರ ಬೆನ್ನಿಗೇ ಫೋನು ಕಣ್ಣು ಮುಚ್ಚಿತು.

ಹಸಿರು ಗೆರೆಯ ದಾರಿಯನ್ನು ಬಹುಪಾಲು ಕೂತುಕೊಂಡೇ ಇಳಿದು ಅವರು ಕೆಳಗೆ ಬಂದಾಗ ಕೊನೆಯ ಲಿಫ್ಟಿಗೆ ಹತ್ತು ನಿಮಿಷವಿತ್ತು. ಕೋಕಿಲಾ ಗಂಡನ ತೋಳು ಹಿಡಿದು ಲಿಫ್ಟಿನ ಕೆಂಪು ಗೆರೆಯತ್ತ ನಡೆದಳು.

ರಮಾಕಾಂತ: ಮತ್ತೆ ಯಾಕೆ? ಜಗಳ ಮುಗೀತಲ್ಲ.

ಕೋಕಿಲಾ: ಇಂಟರ್‌ವ್ಯೂದೆಲ್ಲ ಮೊದಲಿಂದ ಹೇಳ್ಬೇಕು. ಆ ತಾತ ಎಷ್ಟು ಚೆನ್ನಾಗಿ ಕೇಳಿಸ್ಕೊಂಡ್ರು ಗೊತ್ತಾ? ಚಪ್ಪಾಳೆ ಕೂಡ ತಟ್ಟಿದ್ರು.

ರಮಾಕಾಂತ: ಅವರಿಗೆ ಕನ್ನಡ ಬರಲ್ಲ ಕಣೇ!

ಕೋಕಿಲಾ: ನಿಮಗೆ ಬರತ್ತಲ್ಲ, ಏನುಪಯೋಗ ಆಯ್ತು?

ರಮಾಕಾಂತ ಉತ್ತರ ಕೊಡಲೆಂದು ಬೆರಳೆತ್ತಿದ. ಎತ್ತಿದ್ದು ತಿಳಿದು ಮಡಚಿಕೊಂಡ.

ಪರದೆಯ ಹಿಂದಿನಿಂದ ಲಿಫ್ಟಿನವನು ಮೊದಲಿನಷ್ಟೇ ವಿನಯದಿಂದ ಕೇಳಿದ. ‘ಒಂದೇ ಮನೆಯವರೇ?’

ಕೋಕಿಲಾ ಅವನಿಗೆ ತಾಳು ಎಂದು ಸನ್ನೆ ಮಾಡಿದಳು. ಗಂಡನ ಗಾಗಲ್ಸನ್ನು ಹಣೆಗೆ ಏರಿಸಿ, ಮಾಸ್ಕನ್ನು ಗದ್ದಕ್ಕೆ ಇಳಿಸಿ, ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿ, ಎಲ್ಲವನ್ನೂ ಮೊದಲಿನಂತೆ ಸರಿಪಡಿಸಿದಳು.

ಕೋಕಿಲಾ: ಹಾಯಿ. ಸದ್ಯಕ್ಕೆ ಇವರೇ.