ರಾಮದಾಸ ಮಾಸ್ಟ್ರ ಬೀಳ್ಕೊಡುಗೆ ಗಂಟೆ

ಪರ್ಕಳದ ಬಾಡಿಗೆ ಮನೆಯ ರಾಮದಾಸ ಮಾಸ್ಟ್ರಿಗೆ ದೇವರ ಮೇಲಿದ್ದ ದೂರು ಒಂದೇ: ತಾನೀಗ ಬೀಳುವುದೇ ಇಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರಲ್ಲ, ಆಹಾ, ಅದೆಂಥ ವೈಭವ! ಹೆಂಡತಿ ತೀರಿಕೊಂಡ ಮೇಲೆ ಮೂರು ವರ್ಷ ಹಾಲಿನವನ ಹೊರತು ಯಾರೂ ತುಳಿಯದಿದ್ದ ಅಂಗಳವನ್ನು ಹದಿನೈದು ದಿನ ಇಡೀ ಕೇರಿಯೇ ತುಳಿಯಿತು. ಗುಣವತಿಯಕ್ಕ ಗಂಜಿ ತಂದರು. ಪಾಸ್ಕಲ್ ಪೇಪರ್ ಓದಿ ಹೇಳಿದ. (ತಪ್ಪುತಪ್ಪಾಗಿ. ಅವನನ್ನು ತಿದ್ದುವುದೇ ಮಾಸ್ಟ್ರಿಗೆ ಅರ್ಧ ಔಷಧಿ.) ಪಕ್ಕದ ಮನೆಯ ನಿವೃತ್ತ ನರ್ಸ್ ಗ್ಲ್ಯಾಡಿಸ್ ಬಾಯಿಯಂತೂ ನೋವು ಹೇಗುಂಟು ಎಂದು ಕೇಳಿ, ಉತ್ತರ ಪೂರ್ತಿ ಮುಗಿಯುವವರೆಗೂ ಕುಳಿತಿರುತ್ತಿದ್ದರು.

ಕೊನೆಗೆ ಎಲ್ಲ ಕೆಡಿಸಿದ್ದೂ ಅವರೇ. ಬಚ್ಚಲಿನ ಪಾಚಿ ಕೆರೆಸಿ ಗೋಣಿ ಹಾಸಿದರು. ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಬಿದಿರು ಕಟ್ಟಿಸಿದರು. "ಈ ಕೆಂಪು ನೆಲಕ್ಕೆ ತೆಂಗಿನೆಣ್ಣೆ ಉಜ್ಜುವ ಚಟ ಇವತ್ತಿಗೆ ನಿಲ್ಲಬೇಕು" ಎಂದು ಸುಗ್ರೀವಾಜ್ಞೆ ಹೊರಡಿಸಿದರು. ನಿವೃತ್ತಿಯ ದಿನ ಶಾಲೆಯವರು ಕೊಟ್ಟಿದ್ದ ಗಂಟೆಯನ್ನು ಕಿಟಕಿಗೆ ತೂಗಹಾಕಿಸಿ, ನೆಲದವರೆಗೆ ಹಗ್ಗ ಇಳಿಬಿಡಿಸಿದರು. "ಬಿದ್ದರೆ ಎಳೆಯಿರಿ." (ಬೀಳ್ಕೊಡುಗೆಯ ಗಂಟೆ ಅಂತೂ ಬೀಳುವುದಕ್ಕೇ ಒದಗಿತು. ಹಗ್ಗದ ಗಂಟು ಮಾತ್ರ ಮಾಸ್ಟ್ರ ಸ್ವಹಸ್ತದ್ದು.)

ಮನೆ ಭದ್ರವಾಯಿತು. ಇನ್ನು ಬಂದು ನೋಡಲಿಕ್ಕೆ ಎಂತ ಉಂಟು? ಯಾರೂ ಬರಲಿಲ್ಲ.

ರೇಡಿಯೋದ ವಾರ್ತೆಯವರು ನಮಸ್ಕಾರ ಎಂದರೆ ತಿರುಗಿ ನಮಸ್ಕಾರ ಎನ್ನುವ ಮಟ್ಟಕ್ಕೆ ಬಂದಾಗ, ಮಾಸ್ಟ್ರು ಒಂದು ಸಂಜೆ ಕನ್ನಡಕ ಮಡಚಿಟ್ಟು, ಟವೆಲ್ ಹಾಸಿ, ಅದರ ಮೇಲೆ ಸಾವಕಾಶವಾಗಿ ಬಿದ್ದು, ಹಗ್ಗ ಎಳೆದರು.

ಗ್ಲ್ಯಾಡಿಸ್ ಬಾಯಿ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಓಡಿ ಬಂದರು. ಮಾಸ್ಟ್ರನ್ನು ನೋಡಿದರು. ಮೇಜನ್ನು ನೋಡಿದರು.

"ಬೀಳುವ ಮೊದಲು ಎರಡು ಲೋಟ ಕಾಫಿ ಮಾಡಿಟ್ಟಿದ್ದೀರಾ ಮಾಸ್ಟ್ರೇ?"

"ಅದು... ಒಂದು ಚೆಲ್ಲಿದರೆ ಇನ್ನೊಂದಿರಲಿ ಅಂತ."

"ಟವೆಲ್ ಹಾಸಿಕೊಂಡು ಬಿದ್ದವರನ್ನು ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ಕಂಡಿಲ್ಲ ಮಾರಾಯ್ರೆ!"

ಬೈದರು. ಬೈಯುತ್ತಲೇ ಕುಳಿತು ಕಾಫಿ ಕುಡಿದರು. ಹೊರಡುವಾಗ ಹೇಳಿದರು: "ಇನ್ನು ಕಾಫಿಗಾದರೆ ಒಂದು ಸಲ ಬಾರಿಸಿ. ಬಿದ್ದರೆ ಎರಡು ಸಲ. ನಾಟಕ ಬೇಡ."

ಮರುದಿನ ಮಾಸ್ಟ್ರ ಸಂಭ್ರಮ ಕೇಳಬೇಡಿ. ಅತಿಥಿ ಬರುವಾಗ ನೆಲ ಮಂಕಾಗಿದ್ದರೆ ತೀರಿಹೋದವಳಿಗೆ ಅವಮಾನವಲ್ವಾ? ಅವಳು ಮಾಡುತ್ತಿದ್ದ ಹಾಗೆಯೇ ಎಣ್ಣೆ ಸುರಿದು, ತೆಂಗಿನ ಸಿಪ್ಪೆಯಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದರು. ಸಂಜೆ ನಾಲ್ಕಕ್ಕೆ, ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು, ಸಕಲ ಗೌರವಗಳೊಂದಿಗೆ ಬಿದ್ದರು. ಈ ಸಲ ಟವೆಲ್ ಇರಲಿಲ್ಲ.

ತೆವಳಿಕೊಂಡು ಹೋಗಿ ಹಗ್ಗ ಎಳೆದರು. ಢಣ್! ಇನ್ನೊಮ್ಮೆ ಎಳೆದರು. ಗಂಟು ಬಿಚ್ಚಿ ಹಗ್ಗವೇ ಕೈಗೆ ಬಂತು.

ಆವರಣದ ಗೋಡೆಯಾಚೆಯಿಂದ ದನಿ ತೇಲಿ ಬಂತು: "ಇವತ್ತು ಬೇಡ ಮಾಸ್ಟ್ರೇ, ಈಗಷ್ಟೇ ಕುಡಿದೆ! ನಾಳೆ ಬರ್ತೇನೆ, ಆಯ್ತಾ?"

ಮಾಸ್ಟ್ರು ಕೂಗಲು ಬಾಯಿ ತೆರೆದರು. ಬೇಡ ಎಂದವರನ್ನು ಒತ್ತಾಯ ಮಾಡಿ ಅಭ್ಯಾಸವಿಲ್ಲದ ಆ ಬಾಯಿಂದ ಬಂದದ್ದು ಇಷ್ಟೇ: "ಆಯ್ತು ಬಾಯಿ! ನಾಳೆ ಮರೀಬೇಡಿ!"

ಪಕ್ಕದ ಮನೆಯ ಬಾಗಿಲು ಮುಚ್ಚಿಕೊಂಡಿತು. ನೆಲ ಮಾತ್ರ ಫಳಫಳ ಹೊಳೆಯುತ್ತಿತ್ತು. ಅದರೊಳಗಿಂದ ಇನ್ನೊಬ್ಬ ಮಾಸ್ಟ್ರು, ಅವರಷ್ಟೇ ಪೆಚ್ಚಾಗಿ, ಮಲಗಿದಲ್ಲಿಂದಲೇ ಅವರನ್ನು ನೋಡುತ್ತಿದ್ದರು. ಅಂತೂ ಸಂಜೆಯ ಹೊತ್ತಿಗೆ ಜೊತೆಗೊಬ್ಬರಾದರು.